ಮುನ್ನೂರು ಜಪಸರ

ಮೊದಲಿಗೇ ಹೇಳಿಬಿಡುತ್ತೇನೆ: ನಾನು ಗುಣವಾಗಿದ್ದೇನೆ. ನನ್ನ ಎಡ ಶ್ವಾಸಕೋಶಕ್ಕೆ ಕ್ಷಯ ಬಂದಿತ್ತು, ಆರು ತಿಂಗಳು ಮಾತ್ರೆ ನುಂಗಿದೆ, ಹೋಯಿತು. ನಲವತ್ತೊಂದು ಕಿಲೋಗೆ ಇಳಿದಿದ್ದವಳು ಈಗ ಐವತ್ತೆರಡು ಕಿಲೋ ಇದ್ದೇನೆ. ಮೆಟ್ಟಿಲು ಹತ್ತುವಾಗ ಹಾಡು ಗುನುಗಬಲ್ಲೆ. ನಿಮಗೋ ನಿಮ್ಮ ಮನೆಯವರಿಗೋ ಇದೇ ಕಾಯಿಲೆ ಎಂದು ಇವತ್ತೇ ಗೊತ್ತಾಗಿದ್ದರೆ, ಮುಂದಿನದನ್ನು ಆಮೇಲೆ ಓದಿ. ಈ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿ.

ಆದರೆ ನಾನು ಹೇಳಬೇಕೆಂದು ತುದಿಗಾಲಲ್ಲಿ ನಿಂತಿರುವುದು ಶ್ವಾಸಕೋಶದ ವಿಷಯವನ್ನಷ್ಟೇ ಅಲ್ಲ. ಆ ಆರು ತಿಂಗಳಲ್ಲಿ ನನಗೆ ಇನ್ನೊಂದು ಸಂಗತಿ ನಡೆಯಿತು. ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಎಂಟನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಬರೆಯುವುದೆಂದರೆ ಮನಸ್ಸಿನ ಮಾತಲ್ಲ, ಗೆರೆ ಎಳೆದು ಅಂಕಿ ತುಂಬುವುದು. ಚರ್ಚಿನ ಬಲಿಪೂಜೆ, ಮಣಿ ಎಣಿಸಿ ಹೇಳುವ ಜಪಸರ, ಬೈಬಲಿನ ಅಧ್ಯಾಯ ಎಂದು ಮೂರು ಕಾಲಂ. ಇಪ್ಪತ್ಮೂರನೇ ವಯಸ್ಸಿನಲ್ಲಿ ಕಾಯಿಲೆ ಬೀಳುವ ಹೊತ್ತಿಗೆ ನಾನು ಬೈಬಲನ್ನು ಎರಡು ಸಲ ಪೂರ್ತಿ ಓದಿದ್ದೆ ಎಂದು ಡೈರಿ ಹೇಳುತ್ತದೆ. ಏನು ಓದಿದ್ದೆ ಎಂದು ಹೇಳುವುದಿಲ್ಲ. ಇಂದಿರಾನಗರದ ಒಂದು ಕೊರಿಯರ್ ಕಚೇರಿಯಲ್ಲಿ ಬಂದ ಪಾರ್ಸೆಲ್, ಹೋದ ಪಾರ್ಸೆಲ್ ರಿಜಿಸ್ಟರಿಗೆ ಹಾಕುವುದು ನನ್ನ ಕೆಲಸ. ಜಪಸರವನ್ನೂ ಹಾಗೇ ಕಳಿಸುತ್ತಿದ್ದೆ. ತಲುಪಿತೋ ಇಲ್ಲವೋ ಕೇಳುವ ಅಭ್ಯಾಸವಿರಲಿಲ್ಲ.

ನಮ್ಮ ಮನೆ ರಾಮಮೂರ್ತಿ ನಗರದಲ್ಲಿ. ಮೊದಲು ಹಲಸೂರಿನಲ್ಲಿದ್ದೆವು, ಬಾಡಿಗೆ ಏರಿದ ಮೇಲೆ ಇತ್ತ ಬಂದೆವು. ಚರ್ಚು ಮಾತ್ರ ಹಲಸೂರಿನದೇ ಉಳಿಯಿತು. ಭಾನುವಾರ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆವು. ಅಲ್ಲಿಯ ಯುವ ಸಂಘಕ್ಕೆ ನಾನು ಕಾರ್ಯದರ್ಶಿ. ಹನ್ನೊಂದು ಜನ ಸದಸ್ಯರು.

ಕೆಮ್ಮು ಶುರುವಾದದ್ದು 2003ರಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಅರವತ್ಮೂರು ಸಲ ಕೆಮ್ಮಿದೆ. ಎಣಿಸಿದ್ದೆ! ಯೇಸುವಿನ ಮರಣದ ವಾಚನ ನಡೆಯುತ್ತಿತ್ತು, ನಾನು ನನ್ನ ಕೆಮ್ಮು ಎಣಿಸುತ್ತಿದ್ದೆ. ಈಸ್ಟರ್ ಕಳೆದ ವಾರ ಕಫದಲ್ಲಿ ರಕ್ತದ ಎಳೆ ಕಂಡಿತು. ಕೃಷ್ಣರಾಜಪುರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮೂರು ಡಬ್ಬಿ ಕಫ ಕೊಟ್ಟೆ. ಮೂರರಲ್ಲೂ ಕ್ಷಯದ ರೋಗಾಣು ಇತ್ತು.

ಅಮ್ಮ ಅಲ್ಲೇ ಹಸಿರು ಬೆಂಚಿನ ಮೇಲೆ ಕುಸಿದು ಕೂತರು. ಆಮೇಲೆ ಎದ್ದು ಮೊದಲು ಹೇಳಿದ ಮಾತು, "ಯಾರ್ಗಾದ್ರೂ ಹೇಳೀಯಾ ಜೋಕೆ! ಟೈಫಾಯ್ಡ್ ಅನ್ನು."

"ಟೈಫಾಯ್ಡ್ ಆರು ತಿಂಗ್ಳು ಇರುತ್ತಾ ಅಮ್ಮಾ?"

"ವಾಪಸ್ ವಾಪಸ್ ಬಂತು ಅನ್ನು."

ಮದುವೆಯ ಮಾತು ನಡೆಯುತ್ತಿದ್ದ ವರ್ಷ ಅದು. ಅಮ್ಮನನ್ನು ನಾನು ದೂರುವುದಿಲ್ಲ. ನನಗೆ ಬೇರೆ ತಟ್ಟೆ, ಬೇರೆ ಲೋಟ ಬಂತು. ಅಪ್ಪ ಮಾತ್ರ ಒಂದು ದಿನ ನನ್ನ ಲೋಟದಲ್ಲಿ ಕಾಫಿ ಕುಡಿದರು. ಡಾಕ್ಟರ ಪ್ರಕಾರ ಕ್ಷಯ ಲೋಟದಿಂದ ಹರಡುವುದಿಲ್ಲ, ಅದಕ್ಕೆ ಧೈರ್ಯವೇ ಬೇಕಿರಲಿಲ್ಲ. ಆದರೂ ಆ ಕಾಫಿಯನ್ನು ನಾನು ಮರೆತಿಲ್ಲ.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಕೇಂದ್ರಕ್ಕೆ ಹೋಗಿ ಏಳು ಮಾತ್ರೆಗಳನ್ನು ಅಲ್ಲೇ ನುಂಗಬೇಕು. ಮೊದಲ ಎರಡು ತಿಂಗಳು ಹಾಗೆ, ಇಪ್ಪತ್ನಾಲ್ಕು ಸಲ. ಮಾತ್ರೆಯ ಡಬ್ಬಿ ನಮ್ಮ ಹೆಸರಿನಲ್ಲಿ ಅಲ್ಲೇ ಇರುತ್ತಿತ್ತು. ಅದರ ಯಜಮಾನಿ ಕೇಂದ್ರದ ನರ್ಸ್ ಶಕೀಲಾ ಸಿಸ್ಟರ್. ದಪ್ಪ ಕನ್ನಡಕ, ಬೀದಿಗೆ ಕೇಳುವ ದನಿ. ಮೊದಲ ದಿನವೇ ನಾನು ನನ್ನ ಶಿಸ್ತು ತೋರಿಸಲು ಹೋದೆ.

"ಸಿಸ್ಟರ್, ಕಾರ್ಡು ನನ್ಹತ್ರ ಕೊಟ್ಟಿರಿ. ನಾನೇ ಟಿಕ್ ಮಾಡ್ಕೊಂಡು ಬರ್ತೀನಿ. ನಂಗೆ ಡೈರಿ ಅಭ್ಯಾಸ ಇದೆ."

"ಅರೆ ಬೇಟಿ, ಕಾರ್ಡು ಟಿಕ್ ಮಾಡಿದ್ರೆ ಕಾರ್ಡಿಗೆ ಗುಣ ಆಗುತ್ತೆ. ನಿಂಗೆ ಆಗ್ಬೇಕಲ್ಲ? ನುಂಗು."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ನಕ್ಕು ಕೆಮ್ಮಿದರು. ಆ ಬೆಂಚಿನ ವಿಷಯ ಹೇಳಲೇಬೇಕು. ಅಲ್ಲಿ ಟೈಫಾಯ್ಡ್ ಎಂದು ಸುಳ್ಳು ಹೇಳಬೇಕಿರಲಿಲ್ಲ. ವಾಂತಿ ಬರದಂತೆ ಮಾತ್ರೆ ನುಂಗಲು ಬಾಳೆಹಣ್ಣು ತಿನ್ನಬೇಕೋ ಬೇಡವೋ ಎಂದು ಜಗಳ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದು ಹೆದರಿ ಬಂದ ಹೊಸಬರಿಗೆ ಹಳಬರ ಧೈರ್ಯ: "ನಮ್ದೂ ಅಷ್ಟೇ ಗುರು, ಫ್ಯಾಂಟಾ!" ಆ ಎರಡು ತಿಂಗಳಲ್ಲಿ ನಾನು ಅತಿ ಹೆಚ್ಚು ನಕ್ಕ ಜಾಗ ಅದೇ.

ಎರಡನೇ ವಾರ ಯುವ ಸಂಘದಿಂದ ಒಂದು ಕಾರ್ಡು ಬಂತು. ನಮ್ಮಲ್ಲಿ ಕಾಯಿಲೆಯವರಿಗೆ ಹೂಗುಚ್ಛದ ಬದಲು ಪ್ರಾರ್ಥನೆಗಳ ಗುಚ್ಛ ಕೊಡುವ ರೂಢಿಯಿದೆ. ನಿಮಗಾಗಿ ಇಷ್ಟು ಪೂಜೆ, ಇಷ್ಟು ಜಪಸರ ಒಪ್ಪಿಸಿದ್ದೇವೆ ಎಂದು ಚಂದದ ಅಕ್ಷರದಲ್ಲಿ ಪಟ್ಟಿ ಬರೆದು ಮರಿಯಾ ಮಾತೆಯ ಚಿತ್ರದ ಕೆಳಗೆ ಅಂಟಿಸುತ್ತಾರೆ. ನನ್ನ ಕಾರ್ಡಿನಲ್ಲಿ ಹೀಗಿತ್ತು: ಬಲಿಪೂಜೆ 75. ಜಪಸರ 300. ಶಿಲುಬೆ ಹಾದಿ 40. ಶಿವಾಜಿನಗರದ ಮಾತೆಯ ಗುಡಿಗೆ ಕಾಲ್ನಡಿಗೆ 9.

ಓದಿ ನಗು ತಡೆಯಲಾಗಲಿಲ್ಲ. ಅವು ನನ್ನವೇ ಅಂಕಿಗಳು! ಐದು ತಿಂಗಳ ಹಿಂದೆ ಇನ್ನಾಸಪ್ಪ ತಾತನಿಗೆ ನಾನು ಬರೆದ ಕಾರ್ಡಿನಿಂದ ನಮ್ಮ ಅಧ್ಯಕ್ಷ ಜಾನ್ಸನ್ ಒಂದಕ್ಷರ ಬಿಡದೆ ನಕಲು ಮಾಡಿದ್ದ.

ಇನ್ನಾಸಪ್ಪ ತಾತ ಹಲಸೂರಿನ ನಮ್ಮ ಹಳೆಯ ಮನೆಯ ಹಿಂದಿನ ಬೀದಿಯವರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಹಿಂದಿನ ಕ್ರಿಸ್ಮಸ್ಸಿಗೆ ಮುಂಚೆ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದು ಏಳು ವಾರ ಆಸ್ಪತ್ರೆಯಲ್ಲಿದ್ದರು. ಅವರಿಗೆ ಕಾರ್ಡು ಮಾಡಿದ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಪೂಜೆ ಮುಗಿದು ಎಲ್ಲರಿಗೂ ಹಸಿವು.

"ಬೇಗ ಬೇಗ ಹೇಳ್ರಪ್ಪಾ, ಯಾರ್ದು ಎಷ್ಟೆಷ್ಟು?" ಎಂದ ಜಾನ್ಸನ್.

"ನಂದು ಇಪ್ಪತ್ತು ಹಾಕು."

"ನಂದೂ ಇಪ್ಪತ್ತು. ಇಲ್ಲ, ಹದ್ನೈದು ಹಾಕು ಮಗಾ, ಪರೀಕ್ಷೆ ಇದೆ."

ಹಾಕಿದೆ. ಒಟ್ಟು 187 ಬಂತು. ಹಾಗೆ ಬರೆದರೆ ಅಂದವಾಗಿ ಕಾಣುವುದಿಲ್ಲ ಎಂದು ನಾನೇ ಮುನ್ನೂರು ಮಾಡಿದೆ. ಕಾಲ್ನಡಿಗೆಯನ್ನು ಕೊನೆಗೆ ಜಾಗ ಖಾಲಿ ಉಳಿಯಿತೆಂದು ಸೇರಿಸಿದೆ. ಆ 187ರಲ್ಲಿ ಎಷ್ಟು ಜಪಸರ ನಿಜವಾಗಿ ಹೇಳಿದರೋ ನನಗೆ ಗೊತ್ತಿಲ್ಲ. ನನ್ನದು ಗೊತ್ತಿತ್ತು. ಸೊನ್ನೆ.

ನಾಲ್ಕನೇ ವಾರದ ಭಾನುವಾರ ಸಂಜೆ ಇನ್ನಾಸಪ್ಪ ತಾತ ನಮ್ಮ ಗೇಟಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮೋಸಂಬಿ. ಅಮ್ಮ ಗಾಬರಿಯಾಗಿ "ಟೈಫಾಯ್ಡು ತಾತಾ, ದೂರ ಕೂತ್ಕೊಳ್ಳಿ" ಎಂದರು. ತಾತ ವರಾಂಡದಲ್ಲಿ ನನ್ನ ಎದುರಿಗೇ ಕೂತರು.

"ಲೂಸಿ, ನೂರಾ ಹನ್ನೆರಡು ಆಯ್ತು ಕಣಮ್ಮ."

"ಏನು ತಾತಾ?"

"ಜಪಸರ. ನೀವು ಹನ್ನೊಂದು ಜನ ಸೇರಿ ನಂಗೆ ಮುನ್ನೂರು ಮಾಡಿದ್ರಿ. ನಾನು ಒಬ್ನೇ ಅಲ್ವಾ, ಸ್ವಲ್ಪ ನಿಧಾನ. ಶಿವಾಜಿನಗರಕ್ಕೆ ಮೂರು ಶನಿವಾರ ನಡೆದಿದ್ದೀನಿ. ಇನ್ನು ಆರು. ಮುಗಿಸ್ತೀನಿ, ನೀನು ಏಳ್ತೀಯ ನೋಡ್ತಿರು."

ನಡೆದರೇ? ಆ ಸೊಂಟದಲ್ಲಿ? ಅವರೇ ಮುಂದುವರಿಸಿದರು. ಆಸ್ಪತ್ರೆಯಲ್ಲಿ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರಂತೆ. ಫಿಸಿಯೋದವರು ಕಾಲು ಎಳೆಯುವಾಗ, ತನ್ನ ಹೆಸರಿನಲ್ಲಿ ಯಾರೋ ಮಕ್ಕಳು ಬಿಸಿಲಲ್ಲಿ ಶಿವಾಜಿನಗರದ ತನಕ ನಡೆದಿದ್ದಾರೆ, ತಾನು ಹತ್ತು ಹೆಜ್ಜೆ ಇಡಬಾರದೇ ಅಂದುಕೊಳ್ಳುತ್ತಿದ್ದರಂತೆ.

ಆ ವಾರ ನನ್ನ ಜ್ವರ ಇಳಿದಿತ್ತು, ತೂಕ ಒಂದು ಕಿಲೋ ಏರಿತ್ತು. ಆದರೂ ಹನ್ನೆರಡನೆಯ ಸಲದ ಮಾತ್ರೆಗೂ ಹದಿಮೂರನೆಯದಕ್ಕೂ ನಡುವಿನ ಆ ರಾತ್ರಿಯಷ್ಟು ಕಷ್ಟಪಟ್ಟದ್ದು ಬೇರಿಲ್ಲ. ಹೇಳಿದರೆ ಅವರ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಅವರು ಇನ್ನೂ ಆರು ಶನಿವಾರ ಆ ರಸ್ತೆಯಲ್ಲಿ ನಡೆಯುತ್ತಾರೆ, ಎಲ್ಲೋ ಒಂದು ಕಡೆ ಬೀಳುತ್ತಾರೆ. ಅಮ್ಮನನ್ನು ಕೇಳಿದೆ. ಅಮ್ಮ ಅಡುಗೆಮನೆಯಲ್ಲಿ ಜಪಸರ ಹೇಳುತ್ತಿದ್ದರು.

"ನಮೋ ಮರಿಯಾ... ಹೇಳ್ಬೇಡ, ಪಾಪ ಮುದುಕ... ಕುಕ್ಕರ್ ಎಷ್ಟು ಕೂಗ್ತು? ಇಲ್ಲ, ಹೇಳ್ಬಿಡು."

ಶನಿವಾರ ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದೆ. ಹಲಸೂರಿನ ಅವರ ಮನೆಗೆ ಬೀಗ. ಆಗಲೇ ಹೊರಟಿದ್ದರು. ಓಡಿದೆ ಎಂದರೆ ಸುಳ್ಳಾದೀತು. ನಾಲ್ಕು ಹೆಜ್ಜೆ ಬೇಗ ಇಟ್ಟು, ಉಸಿರಿಗೆ ನಿಂತು, ಮತ್ತೆ ನಾಲ್ಕು ಹೆಜ್ಜೆ. ಕೆರೆಯ ಪಕ್ಕದ ರಸ್ತೆಯಲ್ಲಿ ಬಿಳಿ ಶರ್ಟು ಕಂಡಿತು.

"ತಾತಾ, ನಿಲ್ಲಿ!"

"ಅರೆ ಲೂಸಿ! ನೀನೂ ಬರ್ತೀಯಾ? ಉಸಿರು ಹೆಂಗೆ ಎಳೀತೈತೆ ನೋಡು. ಮನೇಲಿರ್ಬಾರ್ದಾ?"

"ನೀವು ನಡೀಬೇಡಿ. ನಾವ್ಯಾರೂ ನಡೀಲಿಲ್ಲ."

"ಯಾರು ನಡೀಲಿಲ್ಲ?"

"ನಾವು, ಸಂಘದವ್ರು. ಒಂಬತ್ತು ಸಲ ಅಂತ ಬರೆದಿದ್ದೆ, ಒಂದ್ಸಲಾನೂ ನಡೀಲಿಲ್ಲ. ಮುನ್ನೂರು ಜಪಸರಾನೂ ನಾನು ಸುಮ್ನೆ ಬರೆದಿದ್ದು."

ತಾತ ಕೆರೆಯ ಬೇಲಿ ಹಿಡಿದು ನಿಂತರು. ಆಮೇಲೆ ಕೇಳಿದರು: "ನೀನು ಒಂದೂ ಹೇಳ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಏಳು ವಾರ ನಾನು ಏನು ಹಿಡ್ಕೊಂಡು ಮಲಗಿದ್ದೆ?"

ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಊರುಗೋಲು ಸರಿಮಾಡಿಕೊಂಡು ನಡೆಯತೊಡಗಿದರು. ಮನೆಯ ಕಡೆಗಲ್ಲ, ಶಿವಾಜಿನಗರದ ಕಡೆಗೆ!

"ತಾತಾ, ಬೇಡ ಅಂದ್ನಲ್ಲ!"

ತಿರುಗಿ ನೋಡಲಿಲ್ಲ. ನಾನೂ ಹಿಂದೆ ಹೊರಟೆ. ಹತ್ತು ಅಡಿ ಅಂತರ, ಮೂಗಿನ ಮೇಲೆ ದುಪಟ್ಟಾ. ಮುಂದೆ ಕುಂಟುವ ಮುದುಕ, ಹಿಂದೆ ಏದುವ ಹುಡುಗಿ. ನೋಡಿದವರು ಏನೆಂದುಕೊಂಡರೋ. ಎಲ್ಲೋ ಕಲ್ಲುಚಪ್ಪಡಿ ಕಿತ್ತುಹೋಗಿತ್ತು, ಅವರ ಕೋಲು ಅದರ ಸಂದಿಗೆ ಇಳಿಯಿತು. ದೇವರೇ, ಹುಷಾರು! ಪಕ್ಕದಲ್ಲೇ ಬಸ್ಸು ಉಜ್ಜಿಕೊಂಡು ಹೋಯಿತು. ದೇವರೇ, ಅವರು ಬೀಳದೆ ಇರಲಿ, ನಾನು ಹಿಡಿಯೋದಕ್ಕೆ ದೂರ ಇದ್ದೀನಿ, ನೀನು ಹಿಡಿ. ಒಂದು ಕಡೆ ರಸ್ತೆಯ ಅಂಚು ಎಷ್ಟು ಎತ್ತರ ಎಂದು ಅವರು ಕೋಲಿನಿಂದ ತಡವಿ ನೋಡಿದರು. ಹಗಲಿನಲ್ಲಿ ಏಕೆ ತಡವುತ್ತಾರೆ ಎಂದು ಹೊಳೆಯಲಿಲ್ಲ. ಅಯ್ಯೋ ದೇವರೇ, ಎಡಗಾಲು, ಎಡಗಾಲು ನೋಡಿಕೋ. ನನಗೆ ಬೇರೇನೂ ಕಾಣುತ್ತಿರಲಿಲ್ಲ, ಆ ಎರಡು ಚಪ್ಪಲಿ ಬಿಟ್ಟು. ಗುಡಿಯ ಗೋಪುರ ಕಂಡಾಗ ನನ್ನ ಕುರ್ತಾ ಬೆವರಿನಿಂದ ಒದ್ದೆಯಾಗಿತ್ತು. ಅವರು ಬೀಳಲಿಲ್ಲ. ಬೀಳಲಿಲ್ಲ! ನಾನು ಹೂವಿನ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ.

ಮನೆಗೆ ಬಂದು ಡೈರಿ ತೆರೆದು, ಆ ದಿನದ ಜಪಸರದ ಕಾಲಮ್ಮಿನಲ್ಲಿ ಸೊನ್ನೆ ಬರೆದೆ. ಬರೆದ ಮೇಲೆ ಪೆನ್ನು ನಿಂತಿತು. ಅಷ್ಟು ದೂರ, ಅಷ್ಟು ಹೊತ್ತು, ನಾನು ಯಾರ ಜೊತೆ ಮಾತಾಡುತ್ತಿದ್ದೆ? ಒಂಬತ್ತು ವರ್ಷ ಲೆಕ್ಕ ಇಟ್ಟವಳಿಗೆ ಒಂದು ಸಲವೂ ಹಾಗೆ ಕೇಳಿಕೊಂಡದ್ದು ನೆನಪಾಗಲಿಲ್ಲ. ಜಪಸರದ ಮಣಿಯಲ್ಲಿ ತಪ್ಪಿರಲಿಲ್ಲ. ಅದೇ ಮಣಿ ಇನ್ನಾಸಪ್ಪ ತಾತನ ಕೈಯಲ್ಲಿ ತುಂಬಿ ತುಳುಕುತ್ತಿತ್ತು, ಕುಕ್ಕರಿನ ಸೀಟಿಯ ನಡುವೆ ಅಮ್ಮನ ಕೈಯಲ್ಲೂ. ನನ್ನ ಕೈಯಲ್ಲಿ ಮಾತ್ರ ಅದು ಬರೀ ಅಂಕಿಯಾಗಿತ್ತು. ಇದು ತಿಳಿದಾಗ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಜೋರಾಗಿ, ಹೊಸ ಊರಿನಲ್ಲಿ ರೈಲು ಇಳಿದವಳ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಆದರೆ ತಾತ ಮಾತಾಡುವುದನ್ನು ನಿಲ್ಲಿಸಿದ್ದರು. ಭಾನುವಾರ ಚರ್ಚಿನ ಹೊರಗೆ ನಿಂತಿದ್ದ ನನ್ನನ್ನು ದಾಟಿ ಹೋದರು. ಮುಂದಿನ ಶನಿವಾರ ಶಿವಾಜಿನಗರದಲ್ಲಿ ಎರಡು ಗಂಟೆ ಕಾದೆ, ಬರಲಿಲ್ಲ. ಅವರ ನಂಬಿಕೆಯನ್ನೇ ನಾನು ಮುರಿದೆನೇನೋ ಎಂದು ಹನ್ನೊಂದು ದಿನ ಊಟ ಸೇರಲಿಲ್ಲ. ಏರಿದ್ದ ಒಂದು ಕಿಲೋದಲ್ಲಿ ಅರ್ಧ ಇಳಿಯಿತು.

"ಏನು, ಮಾತ್ರೆ ವಾಂತಿ ಮಾಡ್ತಿದ್ದೀಯಾ?" ಎಂದು ಶಕೀಲಾ ಸಿಸ್ಟರ್ ಗದರಿದರು.

"ಇಲ್ಲ ಸಿಸ್ಟರ್. ಒಬ್ರಿಗೆ ಮೋಸ ಮಾಡಿದೀನಿ."

"ಅದಕ್ಕೆ ನನ್ನ ಡಬ್ಬೀಲಿ ಮಾತ್ರೆ ಇಲ್ಲ. ಊಟ ಮಾಡು."

ಏಳನೇ ವಾರದ ಬುಧವಾರ, ಇಪ್ಪತ್ತನೆಯ ಸಲ. ನಾನು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದೆ. ಬಾಗಿಲಲ್ಲಿ ಊರುಗೋಲಿನ ಸದ್ದು. ತಾತ! ಹಲಸೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಅಮ್ಮನೇ ವಿಳಾಸ ಕೊಟ್ಟಿದ್ದರು. ಅಂದರೆ ಟೈಫಾಯ್ಡ್ ಅಲ್ಲ ಎಂದು ಅಮ್ಮ ಒಬ್ಬರಿಗಾದರೂ ಬಾಯಿಬಿಟ್ಟಿದ್ದರು! ತಾತ ಬಂದು ನನ್ನ ಪಕ್ಕ ಕೂತರು. ಆಮೇಲೆ ಗೋಡೆ ನೋಡುತ್ತ ಹೇಳಿದರು:

"ಯೋಚ್ನೆ ಮಾಡ್ದೆ. ಕಾರ್ಡು ಸುಳ್ಳು, ಸರಿ. ಆದ್ರೆ ನಾನು ಅಲ್ಲಿ ಮಲ್ಕೊಂಡು ಕೂಗಿದ್ದು ಕಾರ್ಡನ್ನಲ್ಲ, ಮೇಲಿರೋ ಆತನ್ನ. ಆತ ಬಂದಿದ್ದ. ಅದು ನಂಗೊತ್ತು. ನಿನ್ಮೇಲೆ ಕೋಪ ಇನ್ನೂ ಹೋಗಿಲ್ಲ, ತಿಳ್ಕೋ."

"ಗೊತ್ತು ತಾತಾ."

"ಅವತ್ತು ಹಿಂದೆ ಯಾಕೆ ಬಂದೆ?"

"ನೀವು ಬೀಳ್ತೀರಾ ಅಂತ."

ತಾತ ನನ್ನತ್ತ ತಿರುಗಿದರು. ದನಿ ತಗ್ಗಿಸಿದರು. "ಬೀಳ್ತಿದ್ದೆ. ನಂಗೆ ಕಣ್ಣು ಕಾಣ್ಸಲ್ಲ ಲೂಸಿ. ಮೆಟ್ಲು ಜಾರ್ತು ಅಂತ ಎಲ್ರಿಗೂ ಹೇಳ್ದೆ, ಜಾರ್ಲಿಲ್ಲ, ಕಾಣ್ಲಿಲ್ಲ. ಪೊರೆ ಬಂದೈತೆ. ಆಪರೇಷನ್ ಅಂದ್ರು. ಎಚ್ಚರ ಇರೋವಾಗ್ಲೇ ಕಣ್ಣಿಗೆ ಕೈ ಹಾಕ್ತಾರಂತೆ. ನಂಗೆ ಭಯ. ಯಾರ್ಗೂ ಹೇಳಿಲ್ಲ." ಆಮೇಲೆ, "ನಂಗೆ ಲೆಕ್ಕ ಬೇಡ. ಒಂದೇ ಒಂದು ಪ್ರಾರ್ಥನೆ ಮಾಡು. ಈಗ, ಇಲ್ಲಿ, ನಂಗೆ ಕೇಳೋ ಹಾಗೆ."

ಮುಂದೆ ಆ ಆಪರೇಷನ್ ಆಯಿತು. ಈಗ ಅವರು ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯುತ್ತಾರೆ. ಆದರೆ ಆಗ ಅದು ಯಾರಿಗೆ ಗೊತ್ತಿತ್ತು? ಬೆಂಚಿನಲ್ಲಿ ಇನ್ನೂ ಐದಾರು ಜನ. ಮಾತ್ರೆ ಹಿಡಿದ ಶಕೀಲಾ ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ಮನಸ್ಸಿನಲ್ಲಿ ಹುಡುಕಿದೆ. ಕಂಠಪಾಠವಾಗಿದ್ದ ಯಾವ ಪ್ರಾರ್ಥನೆಯಲ್ಲೂ ತಾತನ ಕಣ್ಣಿನ ವಿಷಯ ಇರಲಿಲ್ಲ. ದುಪಟ್ಟಾದ ಹಿಂದಿನಿಂದಲೇ ಶುರುಮಾಡಿದೆ.

"ಅಪ್ಪಾ, ದೇವ್ರೇ, ಇನ್ನಾಸಪ್ಪ ತಾತಂಗೆ ಭಯ ಆಗ್ತಿದೆ. ಅವ್ರು ಒಬ್ರೇ ಇದ್ದಾರೆ. ಆಪರೇಷನ್ ದಿನ ನೀನು ಅವ್ರ ಕೈ ಹಿಡ್ಕೋ. ನಾನು ಹೊರ್ಗಡೆ ಕೂತಿರ್ತೀನಿ. ನಾನು ಅವ್ರಿಗೆ ಸುಳ್ಳು ಹೇಳಿದ್ದೆ. ಇದು ಸುಳ್ಳಲ್ಲ. ಅವ್ರಿಗೆ ಮೆಟ್ಲು ಕಾಣ್ಲಿ. ಅಷ್ಟೇ."

ನಡುವೆ ಎರಡು ಸಲ ಕೆಮ್ಮಿದ್ದೆ. ತಾತನ ಕಣ್ಣಲ್ಲಿ ನೀರು. ಶಕೀಲಾ ಸಿಸ್ಟರ್ ಮೆಲ್ಲಗೆ "ಆಮೀನ್" ಎಂದರು. ನನ್ನ ಮೈಯೆಲ್ಲ ಹಗುರಾಗಿ, ಎದ್ದು ಕೂಗಬೇಕೆನ್ನಿಸುವಷ್ಟು ಸಂತೋಷ ಉಕ್ಕುತ್ತಿತ್ತು. ಆಗ ಬೆಂಚಿನ ಆ ತುದಿಯಿಂದ, ಬಸ್ ನಿಲ್ದಾಣದ ಹತ್ತಿರ ಹಣ್ಣು ಮಾರುವ ಸಯ್ಯದ್ ಭಾಯಿ ಗಂಟಲು ಸರಿಮಾಡಿಕೊಂಡರು. ಅವರಿಗೆ ಕ್ಷಯ ಎರಡನೇ ಸಲ ಬಂದಿತ್ತು. ಅಷ್ಟು ವಾರಗಳಲ್ಲಿ ಅವರು ಯಾರ ಜೊತೆಯೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ನಂದೂ ಒಂದು ಹೇಳ್ಬಿಡಮ್ಮ," ಎಂದರು.

"ಏನು ಕೇಳ್ಲಿ ಭಾಯಿ?"

ಅವರು ಬಾಯಿ ತೆರೆದರು, ಮುಚ್ಚಿದರು, ಟವೆಲಿನಿಂದ ಮುಖ ಒರೆಸಿಕೊಂಡರು. ನಾನೂ ತಾತನೂ ಒತ್ತಿಕೊಂಡು ಕೂತು, ನಮ್ಮ ಪಕ್ಕದಲ್ಲಿ ಅವರಿಗೆ ಜಾಗ ಮಾಡಿದೆವು.